ಕೌದಿಯ ಲೆಕ್ಕ

ಬುಧವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದ ಚನ್ನವೀರ ತಟ್ಟನೆ ಕಪ್ಪು ಕೆಳಗಿಟ್ಟು ತನ್ನ ಸೊಂಟದ ಕಡೆ ಕಿವಿಗೊಟ್ಟ.

“ಸ್ಫೂರ್ತಿ, ಡಬ್ಬಿ ಶ್ರುತಿ ಇಳಿಸೈತಿ ನೋಡು,” ಎಂದ.

ಬೇರೆ ಯಾರಾದರೂ ಆಗಿದ್ದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಚನ್ನವೀರ ಹುಬ್ಬಳ್ಳಿ-ಧಾರವಾಡದ ಗಾಯಕರಿಗೆ ಎಷ್ಟೋ ವರ್ಷಗಳಿಂದ ತಬಲಾ ಸಾಥ್ ಕೊಡುತ್ತ ಬಂದವನು. ಪಕ್ಕದ ಮನೆಯ ಮಿಕ್ಸರ್ ತಿರುಗಿದರೂ ಅದು ಯಾವ ಸ್ವರ ಎಂದು ಹೇಳಿ ಹೆಂಡತಿಯ ತಲೆ ತಿನ್ನುವ ಚಟ ಅವನದು. ಅವನ ಎದೆಯೊಳಗೆ, ಸೋತ ಹೃದಯದ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಪಂಪು ಆರು ವರ್ಷಗಳಿಂದ ರಕ್ತ ದೂಡುತ್ತಿತ್ತು. ಅದರ ತಂತಿ ಹೊಟ್ಟೆಯ ಬದಿಯಿಂದ ಹೊರಬಂದು ಸೊಂಟದ ಪಟ್ಟಿಯಲ್ಲಿದ್ದ ಡಬ್ಬಿಗೆ ಸೇರುತ್ತಿತ್ತು. ಡಬ್ಬಿಯಲ್ಲಿ ಬ್ಯಾಟರಿ, ಮತ್ತು ಪಂಪನ್ನು ಆಳುವ ಒಂದು ಪುಟ್ಟ ಚಿಪ್. ಎಲ್ಲ ಸೇರಿ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಸ್ವರದಲ್ಲಿ ಸದಾ ಗುಂಯ್‌ಗುಡುತ್ತಿದ್ದವು. ತಂಬೂರಿ ಇಲ್ಲದ ಹೊತ್ತಿನಲ್ಲಿ ಚನ್ನವೀರ ಆ ಸದ್ದಿಗೇ ತಬಲಾ ಹೊಂದಿಸಿಕೊಳ್ಳುತ್ತಿದ್ದ. ಈಗ ಅದು ಮೊದಲ ಬಿಳಿ ಮನೆಗೆ ಇಳಿದಿತ್ತು.

ಸ್ಫೂರ್ತಿ ಬಗ್ಗಿ ಡಬ್ಬಿಯ ಪರದೆ ನೋಡಿದಳು. ‘ಸೇವಾ ಅವಧಿ ಮುಗಿದಿದೆ. ಪಂಪು ಸುರಕ್ಷಿತ ವೇಗದಲ್ಲಿದೆ. ಕಂಪನಿಯನ್ನು ಸಂಪರ್ಕಿಸಿ’ ಎಂದಿತ್ತು. ಸಂಪರ್ಕಿಸುವುದಕ್ಕೆ ಕಂಪನಿ ಎಲ್ಲಿತ್ತು? ಅದು ಬಾಗಿಲು ಹಾಕಿಕೊಂಡು ಒಂದೂವರೆ ವರ್ಷವಾಗಿತ್ತು. ಪಂಪು ಮಾಡಿದವರು ಹೋದರು, ಪಂಪು ಹೊತ್ತವರು ಉಳಿದರು. ಸುರಕ್ಷಿತ ವೇಗ ಎಂಬ ಹೆಸರು ಯಾವ ಪುಣ್ಯಾತ್ಮ ಇಟ್ಟನೋ, ಚನ್ನವೀರನಂಥವರಿಗೆ ಅದು ಸಾಲದು ಎಂಬುದು ಮಧ್ಯಾಹ್ನದೊಳಗೆ ತಿಳಿಯಿತು. ಅವನು ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರ ಮೇಲೆ ಕೂತುಬಿಟ್ಟ.

ಸಂಜೆಗೆ ಅವರು ಹೃದಯತಜ್ಞ ಡಾಕ್ಟರ್ ಸೌದಾಗರರ ಎದುರು ಕೂತಿದ್ದರು.

“ನೋಡ್ರಿ ಮೇಡಂ, ಮುಚ್ಚಿಟ್ಟು ಮಾತಾಡೂದಿಲ್ಲ,” ಎಂದರು ಡಾಕ್ಟರ್. “ಈ ವೇಗದಾಗ ಇವರ ಮೈಗೆ ರಕ್ತ ಸಾಲಂಗಿಲ್ಲ. ದಿನಾ ಸ್ವಲ್ಪ ಸ್ವಲ್ಪ ಇಳಕೋತ ಹೋಗ್ತಾರ. ಎದಿ ಮತ್ತೊಮ್ಮೆ ಕೊಯ್ದು ಬ್ಯಾರೆ ಪಂಪ್ ಹಾಕೋಣಂದ್ರ ಆ ಆಪರೇಶನ್ ತಡಕೊಳ್ಳೂ ಶಕ್ತಿ ಇವರಿಗಿಲ್ಲ. ಉಳದದ್ದು ಒಂದ ದಾರಿ. ಡಬ್ಬಿ ಬೀಗ ತೆಗೀಬೇಕು. ತೆಗದ್ರ ವೇಗ ನಾನ ಏರಿಸ್ತೀನಿ, ಎರಡು ಗುಂಡಿ ಒತ್ತೂ ಕೆಲಸ.”

“ಒಗಟುಬೀಗ,” ಎಂದಳು ಸ್ಫೂರ್ತಿ.

“ಹೌದ್ರಿ. ನಿಮ್ಮ ಧಂದಾನ ಅದು. ನಂಗ ಅದರಾಗ ಏನೂ ತಿಳಿಯೂದಿಲ್ಲ.”

ಒಗಟುಬೀಗದ ಕಾನೂನು ಬಂದದ್ದು ಒಳ್ಳೆಯ ಉದ್ದೇಶಕ್ಕೇ. ಕಂಪನಿಗಳು ಮುಳುಗಿದಾಗ ಅವು ಮಾಡಿದ ಯಂತ್ರಗಳ ಪಾಸ್‌ವರ್ಡುಗಳೂ ಮುಳುಗಿ, ಜನ ಒದ್ದಾಡಿದ ಮೇಲೆ ಸರ್ಕಾರ ಎಚ್ಚೆತ್ತಿತು. ಜೀವ ಅವಲಂಬಿಸಿದ ಪ್ರತಿ ಯಂತ್ರಕ್ಕೂ ಇನ್ನೊಂದು ಬೀಗ ಇರಬೇಕು, ಅದಕ್ಕೆ ಪಾಸ್‌ವರ್ಡಿನ ಬದಲು ಒಂದು ಗಣಿತದ ಒಗಟು ಇರಬೇಕು, ಬಿಡಿಸಿದವರಿಗೆ ರಿಪೇರಿ ಮಾಡುವ ಹಕ್ಕು ಎಂದಾಯಿತು. ಬೀಗ ಬರಿಯ ಉತ್ತರವನ್ನು ಒಪ್ಪುವುದಿಲ್ಲ, ಪ್ರೋಗ್ರಾಮನ್ನೇ ಕೇಳುತ್ತದೆ. ಆ ಪ್ರೋಗ್ರಾಮನ್ನು ಡಬ್ಬಿಯ ಚಿಪ್ಪಿನ ಮೇಲೆಯೇ ಓಡಿಸಿ, ಆ ಕ್ಷಣಕ್ಕೆ ಒಂದು ಹೊಸ ಸಂಖ್ಯೆ ಕೊಟ್ಟು, ಒಂದು ನಿಮಿಷದೊಳಗೆ ಸರಿಯುತ್ತರ ಬಂದರೆ ತೆರೆದುಕೊಳ್ಳುತ್ತದೆ. ಈ ಚಿಪ್ಪಿನ ಗುಣಸ್ವಭಾವ ಗೊತ್ತಿಲ್ಲದವರು ಇದನ್ನು ಮುಟ್ಟಬಾರದು ಎಂಬುದು ತರ್ಕ. ದೊಡ್ಡ ದೊಡ್ಡವರು ಕೂತು ಮಾಡಿದ ಕಾನೂನು, ತರ್ಕದಲ್ಲಿ ತಪ್ಪು ಹುಡುಕುವಂತಿಲ್ಲ.

ಅವರು ಮರೆತದ್ದು ಒಂದೇ. ಚಿಪ್ ಬಡಪಾಯಿ, ಒಂದೇ ಒಲೆಯ ಅಡುಗೆಮನೆ ಇದ್ದಂತೆ. ಒಗಟಿನ ಲೆಕ್ಕ ಮಾಡುವಾಗ ಪಂಪು ನಡೆಸಲು ಅದಕ್ಕೆ ಬರುವುದಿಲ್ಲ. ಪ್ರೋಗ್ರಾಮ್ ಓಡುವಷ್ಟು ಹೊತ್ತೂ ಪಂಪು ನಿಲ್ಲುತ್ತದೆ, ಸೋತ ಹೃದಯ ಒಂಟಿಯಾಗಿ ಬಡಿಯಬೇಕು.

“ಎಷ್ಟು ಹೊತ್ತು ತಡೀತಾರ್ರಿ ಇವರು?” ಎಂದು ಸ್ಫೂರ್ತಿ ಕೇಳಿದಳು.

“ಈಗಾದ್ರ ಇಪ್ಪತ್ತು ಸೆಕೆಂಡು. ಅದೂ ನಾ ಎಲ್ಲಾ ಸಜ್ಜು ಮಾಡ್ಕೊಂಡು ಪಕ್ಕದಾಗ ನಿಂತಿದ್ರ.”

ಚನ್ನವೀರ ನಕ್ಕ. “ಮಧ್ಯಲಯದಾಗ ತೀನ್‌ತಾಲ್ ಎರಡು ಆವರ್ತನ ಅನ್ರಿ. ಹದಿನಾರು ಮಾತ್ರೆದು ಎರಡು ಸಲ. ಅಷ್ಟ್ರೊಳಗ ನಮ್ಮಾಕಿ ತಿರುಗಿ ಮೊದಲನೇ ಮಾತ್ರೆಗೆ, ಸಮಕ್ಕ ಬರ್ತಾಳ.”

ಸ್ಫೂರ್ತಿಗೆ ನಗು ಬರಲಿಲ್ಲ. ಆದರೆ ಭಯಪಡುತ್ತ ಕೂರುವ ಜಾಯಮಾನವೂ ಅವಳದಲ್ಲ. ಅವಳು ನಗರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಳು. ಕೇಳಿದ್ದಕ್ಕೆಲ್ಲ ಪ್ರೋಗ್ರಾಮ್ ಬರೆದುಕೊಡುವ ಯಂತ್ರಗಳು ಮನೆಮನೆಗೆ ಬಂದ ಮೇಲೆ ಅವಳ ತರಗತಿಗೆ ಬರುವವರು ಕಡಿಮೆಯಾಗಿದ್ದರು. ಕೈಯಾರೆ ಬರೆಯುವುದು ಕೈಯಾರೆ ರಾಗಿ ಬೀಸಿದಷ್ಟೇ ಹಳೆಯ ಮಾತಾಗಿತ್ತು. ಆದರೆ ಆ ಜಾಣ ಯಂತ್ರಗಳು ಬೀಗದ ಒಗಟು ಎಂದು ಗೊತ್ತಾದ ಕೂಡಲೇ ಕೈಮುಗಿದುಬಿಡುತ್ತಿದ್ದವು. ಕಾನೂನೇ ಹಾಗಿತ್ತು, ಬಿಡಿಸುವವರು ಮನುಷ್ಯರೇ ಆಗಬೇಕು. ‘ನಾ ಇಷ್ಟು ದಿನಾ ಕಲಿಸಿದ್ದು ಇದಕ್ಕ ಅನ್ನು’ ಎಂದುಕೊಂಡು ಅವಳು ಮರುದಿನವೇ ರಜೆ ಬರೆದು ಲ್ಯಾಬಿನ ಕೀಲಿಕೈ ಇಸಿದುಕೊಂಡಳು.

ಡಬ್ಬಿ ತೋರಿಸಿದ ಒಗಟು ಒಣಒಣವಾಗಿತ್ತು. ನಾಲ್ಕು ಚೌಕ ಅಗಲದ, ಬಹಳ ಉದ್ದದ ಒಂದು ಪಟ್ಟಿ. ಪ್ರತಿ ಚೌಕಕ್ಕೆ ಕೆಂಪು ಇಲ್ಲವೇ ಬಿಳಿ ಬಣ್ಣ. ಎರಡು ಕೆಂಪು ಚೌಕಗಳು ಬದಿಗೆ ಬದಿ ತಾಗಬಾರದು. ಇಂಥ ಪಟ್ಟಿಗಳು ಒಟ್ಟು ಎಷ್ಟು ಬಗೆಯವು? ಉತ್ತರ ಊಹೆಗೆ ಮೀರಿ ದೊಡ್ಡದಾಗುವುದರಿಂದ, ಅದನ್ನು ಡಬ್ಬಿಯ ಮೇಲೆ ಕೊರೆದ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷ ಕೊಟ್ಟರೆ ಸಾಕು. ಪಟ್ಟಿಯ ಉದ್ದ ಬೀಗ ಓಡುವಾಗಲೇ ತಿಳಿಯುತ್ತದೆ. ಹದಿನೆಂಟು ಅಂಕಿಗಳವರೆಗೂ ಇರಬಹುದು.

ಸ್ಫೂರ್ತಿಯ ಮನಸ್ಸಿನಲ್ಲಿ ಅದು ಕೂಡಲೇ ಅವ್ವನ ಕೌದಿಯಾಯಿತು. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಅವಳವ್ವ ಕೌದಿ ಹೊಲಿಯುತ್ತಿದ್ದಳು. ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಗೆ ಹಾಕುವುದು ಅವರ ಮನೆಯ ಪದ್ಧತಿ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎನ್ನುತ್ತಿದ್ದಳು. ಅಂಥದೊಂದು ಕೌದಿ ಈಗಲೂ ಚನ್ನವೀರನ ಮಂಚದ ಮೇಲಿತ್ತು.

ಸರಿ, ಒಂದು ಕೌದಿ ಎಷ್ಟು ಬಗೆ? ಒಂದೊಂದನ್ನೇ ಎಣಿಸುತ್ತ ಹೋದರೆ ಊರಿನ ಕಂಪ್ಯೂಟರುಗಳೆಲ್ಲ ಸೇರಿದರೂ ಯುಗ ಸಾಲದು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಕೌದಿಗೆ ಒಂದು ಸಾಲು ಸೇರಿಸುವಾಗ ಹಿಂದಿನದೆಲ್ಲ ಬೇಕಾಗಿಲ್ಲ, ಕೊನೆಯ ಸಾಲು ಹೇಗಿದೆ ಎಂಬುದಷ್ಟೇ ಬೇಕು. ನಾಲ್ಕು ತುಂಡುಗಳ ಸಾಲಿನಲ್ಲಿ ಕೆಂಪಿಗೆ ಕೆಂಪು ತಾಗದ ಬಗೆಗಳು ಎಂಟೇ. ಎಂಟು ಲೆಕ್ಕ ನೆನಪಿಟ್ಟುಕೊಂಡು ಸಾಲಿನ ಮೇಲೆ ಸಾಲು ಸೇರಿಸಬಹುದು. ಆದರೆ ಹದಿನೆಂಟು ಅಂಕಿಗಳಷ್ಟು ಸಾಲು! ಆ ಬಡ ಚಿಪ್ ಸೇರಿಸುತ್ತ ಕೂತರೆ ಚನ್ನವೀರನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು.

ದಾರಿ ಹೊಳೆದದ್ದು ಅವ್ವನ ಕೈಗಳು ನೆನಪಾದಾಗ. ಅವ್ವ ದೊಡ್ಡ ಕೌದಿಯನ್ನು ಒಂದೇ ತುದಿಯಿಂದ ಬೆಳೆಸುತ್ತಿರಲಿಲ್ಲ. ಸಣ್ಣ ತುಂಡು ಎರಡು ಹೊಲಿದು ಜೋಡಿಸುತ್ತಿದ್ದಳು, ಅಂಥ ಜೋಡಿಗೆ ಅಂಥದೇ ಜೋಡಿ ಕೂಡಿಸುತ್ತಿದ್ದಳು. ಎರಡು ತುಂಡು ಕೂಡುವಾಗ ಅಂಚುಗಳು ಒಂದಕ್ಕೊಂದು ಒಪ್ಪಿದರೆ ಆಯಿತು, ನಡುವೆ ಏನಿದ್ದರೂ ಚಿಂತೆಯಿಲ್ಲ. ಒಂದು ಸಾಲು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ ಅರವತ್ತು ಸಲ ಇಮ್ಮಡಿಸಿದರೆ ಆ ಹದಿನೆಂಟು ಅಂಕಿಗಳ ಉದ್ದ ಮುಗಿದೇಹೋಗುತ್ತದೆ. ಸ್ಫೂರ್ತಿ ಕುರ್ಚಿಯಿಂದೆದ್ದು, ಖಾಲಿ ಲ್ಯಾಬಿನಲ್ಲಿ ಎರಡು ಸುತ್ತು ಹಾಕಿ ಬಂದು, ಬರೆಯಲು ಕೂತಳು.

ಬರೆದದ್ದನ್ನು ಪರೀಕ್ಷಿಸಬೇಕಲ್ಲ. ಲ್ಯಾಪ್‌ಟಾಪಿನ ಮೇಲೆ ಚನ್ನವೀರನ ಡಬ್ಬಿಯ ಸಂಖ್ಯೆ ಕೊಟ್ಟು ಓಡಿಸಿದಳು. ಸಣ್ಣ ಉದ್ದಗಳಿಗೆ ಕೈಲೆಕ್ಕದ ಉತ್ತರವೇ ಬಂತು. ಆದರೆ ಲ್ಯಾಪ್‌ಟಾಪೇ ಬೇರೆ, ಡಬ್ಬಿಯೇ ಬೇರೆ. ನಿಜವಾದ ಡಬ್ಬಿ ಬೇಕಿತ್ತು. ಆಗ ಅವಳಿಗೆ ಮಾಧುರಿ ಪವಾರ್ ನೆನಪಾದಳು.

ಪಂಪು ಹೊತ್ತವರು ಮತ್ತವರ ಮನೆಯವರು ಭಾನುವಾರಗಳಲ್ಲಿ ಉಣಕಲ್ ಕೆರೆಯ ದಂಡೆಯ ಉದ್ಯಾನದಲ್ಲಿ ಸೇರುವ ರೂಢಿಯಿತ್ತು. ಮಾಧುರಿಯ ಗಂಡ ದತ್ತಾ ಆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು. ಅವನ ಡಬ್ಬಿಯ ಶ್ರುತಿ ಹೋದ ಮಳೆಗಾಲದಲ್ಲೇ ಇಳಿದಿತ್ತು. ನಗುತ್ತಲೇ ಅವನು ಅದನ್ನು ಗುಂಪಿನವರಿಂದ ಮುಚ್ಚಿಟ್ಟಿದ್ದ. ಹೊರಗೆ ತೆರೆಯುವವರು ಸಿಗದೆ, ದಸರೆಗೆ ಮೊದಲು ತೀರಿಕೊಂಡ. ಚಿತೆಗಿಡುವ ಮುನ್ನ ತೆಗೆದ ಡಬ್ಬಿ, ಅದೇ ಕಂಪನಿಯದು, ಅದೇ ಒಗಟಿನದು, ಮಾಧುರಿಯ ಬಳಿಯೇ ಇತ್ತು.

ಕೇಳುವುದು ಹೇಗೆ ಎಂದು ಸ್ಫೂರ್ತಿ ಬಾಗಿಲಲ್ಲೇ ತಡವರಿಸಿದಾಗ ಮಾಧುರಿಯೇ ಒಳಗೆ ಹೋಗಿ, ಡಬ್ಬಿಯನ್ನು ಸೆರಗಿನಿಂದ ಒರೆಸುತ್ತ ತಂದಳು.

“ತಗೊಂಡು ಹೋಗ್ರಿ ಅಕ್ಕಾರ. ಆದ್ರ ನಾನೂ ಬರ್ತೀನಿ. ಅದರ ಬೀಗ ಒಮ್ಮೆ ತೆಗದದ್ದು ನಾ ಕಣ್ಣಾರೆ ನೋಡ್ಬೇಕು.”

ಮಧ್ಯಾಹ್ನದ ಬಿಸಿಲು ಲ್ಯಾಬಿನ ನೆಲದ ಮೇಲೆ ಬಿದ್ದಿತ್ತು. ಪ್ರೋಗ್ರಾಮ್ ದತ್ತಾನ ಡಬ್ಬಿಗೆ ಇಳಿಯಿತು. ಎಂಟು ಸೆಕೆಂಡು. ಪರದೆ ಹಸಿರಾಗಿ ‘ಬೀಗ ತೆರೆದಿದೆ’ ಎಂದಿತು.

ಸ್ಫೂರ್ತಿ ಖುಷಿಯಿಂದ ಕೂಗಬೇಕೆಂದವಳು ಮಾಧುರಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಮಾಧುರಿ ಆ ಹಸಿರು ಪರದೆಯ ಮೇಲೆ ಬೆರಳಿಟ್ಟಳು.

“ಎಂಟು ಸೆಕೆಂಡಿನ ಕೆಲಸ ಅಕ್ಕಾರ,” ಎಂದಳು. “ನಮ್ಮವ್ರು ಮೂರು ತಿಂಗಳು ಕಾದ್ರು.”

ಸ್ಫೂರ್ತಿ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಕೂತಳು. ಅವಳು ಮಾಧುರಿಯ ಕೈ ಹಿಡಿದುಕೊಂಡಳು, ಇಬ್ಬರೂ ಅತ್ತರು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಚನ್ನವೀರನನ್ನು ಮಲಗಿಸಿ, ಎದೆಗೆ ತಂತಿಗಳನ್ನು ಅಂಟಿಸಿದರು. ಡಾಕ್ಟರ್ ಸೌದಾಗರ ತೋಳು ಮಡಚಿ ನಿಂತರು. ಲ್ಯಾಪ್‌ಟಾಪಿನ ಮೇಲೆ ಸರಿಯುತ್ತರ ಬಂದಿತ್ತು, ನಿಜವಾದ ಡಬ್ಬಿಯ ಮೇಲೂ ಸರಿಯುತ್ತರ ಬಂದಿತ್ತು, ಇನ್ನೇನು ಅನುಮಾನ? ಸ್ಫೂರ್ತಿ ಗುಂಡಿ ಒತ್ತಿದಳು.

ಗುಂಯ್ ಸದ್ದು ನಿಂತಿತು. ಆರು ವರ್ಷಗಳಲ್ಲಿ ಮೊದಲ ಬಾರಿ ಅವಳು ಗಂಡನ ಬಳಿ ಆ ಮೌನ ಕೇಳಿದಳು. ಚನ್ನವೀರನ ಬೆರಳು ಹಾಸಿಗೆಯ ಅಂಚಿನ ಮೇಲೆ ತಾಳದ ಮಾತ್ರೆ ಎಣಿಸುತ್ತಿತ್ತು. ಹದಿನಾರನೆಯ ಮಾತ್ರೆಗೆ ಪಂಪು ಮತ್ತೆ ಗುಂಯ್‌ಗುಟ್ಟಿತು, ಆದರೆ ಅದೇ ಇಳಿದ ಶ್ರುತಿಯಲ್ಲಿ. ಪರದೆ ಕೆಂಪಾಗಿತ್ತು. ‘ಉತ್ತರ ತಪ್ಪು. ಮುಂದಿನ ಪ್ರಯತ್ನ ಎರಡು ವಾರಗಳ ನಂತರ.’

“ತಪ್ಪಾ? ಹೆಂಗ ತಪ್ಪಾಗ್ತೈತಿ?” ಎಂದು ಸ್ಫೂರ್ತಿ ಪರದೆಗೇ ಕೇಳಿದಳು. ಅಷ್ಟರಲ್ಲಿ ಚನ್ನವೀರನ ಬೆರಳು ನಿಂತಿತು, ಕಣ್ಣು ಮೇಲಾಯಿತು. ಡಾಕ್ಟರ್ ಅವಳನ್ನು ಬದಿಗೆ ಸರಿಸಿದರು. ಅವನು ಕಣ್ಣು ತೆರೆಯುವವರೆಗೆ ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

ತಪ್ಪು ಸಿಕ್ಕಿದ್ದು ಮರುದಿನ, ದತ್ತಾನ ಡಬ್ಬಿಯನ್ನು ಎದುರಿಗಿಟ್ಟುಕೊಂಡಾಗ. ಅದರ ಮೇಲೆ ಕೊರೆದದ್ದು ನಾಲ್ಕಂಕಿಯ ಸಂಖ್ಯೆ. ಚನ್ನವೀರನದು ಆರಂಕಿಯದು. ಶೇಷಗಳನ್ನು ಗುಣಿಸಿದಾಗ ದತ್ತಾನ ಡಬ್ಬಿಯಲ್ಲಿ ಬಂದ ಗುಣಲಬ್ಧ ಚಿಪ್ಪಿನೊಳಗೆ ಹಿಡಿಸುತ್ತಿತ್ತು. ಚನ್ನವೀರನದರಲ್ಲಿ ಹಿಡಿಸದೆ, ಹಳೆಯ ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ಮುಗಿದ ಮೇಲೆ ಸೊನ್ನೆಗೆ ತಿರುಗುವಂತೆ ಸುತ್ತಿಬಿದ್ದಿತ್ತು. ಲ್ಯಾಪ್‌ಟಾಪಿನಲ್ಲಿ ಸಂಖ್ಯೆಗಳು ಬೇಕಾದಷ್ಟು ಬೆಳೆಯುತ್ತವೆ, ಅದಕ್ಕೇ ಅಲ್ಲಿ ತಪ್ಪು ಕಾಣಲಿಲ್ಲ. ಗಂಡನ ಸಂಖ್ಯೆಯನ್ನು ದತ್ತಾನ ಡಬ್ಬಿಯ ಮೇಲೆ ಓಡಿಸಿ ನೋಡಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವಳು ಮಾಡಿದ್ದಳು. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಮೇಜು ಕುಟ್ಟಿ ಕುಟ್ಟಿ ಹೇಳಿಕೊಡುತ್ತಿದ್ದ ಪಾಠ!

ನಾಚಿಕೆಯಿಂದ ಅವಳ ಕಿವಿ ಕಾದವು. ಸಿಟ್ಟು ಬಂತು. ಆಮೇಲೆ, ಸಿಟ್ಟಿಗೆ ಎರಡು ವಾರ ಕೊಡುವಷ್ಟು ಪುರುಸೊತ್ತು ತನಗಿಲ್ಲ ಎಂದು ಅವಳು ಸೆರಗು ಸಿಕ್ಕಿಸಿ ಕೂತಳು. ದೊಡ್ಡ ಗುಣಲಬ್ಧಗಳನ್ನು ತುಂಡು ಮಾಡಿ ಹಿಡಿದಿಡುವ ಹಾಗೆ ಪ್ರೋಗ್ರಾಮ್ ತಿದ್ದಿದಳು. ಈ ಸಲ ಗಂಡನ ಸಂಖ್ಯೆಯನ್ನೇ ದತ್ತಾನ ಡಬ್ಬಿಯ ಮೇಲೆ ಓಡಿಸಿದಳು. ಉತ್ತರ ಸರಿಯಾಗಿತ್ತು. ಆದರೆ ತುಂಡು ಮಾಡಿ ಗುಣಿಸುವ ಗಡಿಬಿಡಿಯಲ್ಲಿ ಎಂಟು ಸೆಕೆಂಡು ಇದ್ದದ್ದು ಇಪ್ಪತ್ತೆಂಟು ಆಯಿತು.

ಡಾಕ್ಟರಿಗೆ ಫೋನು ಮಾಡಿದಳು.

“ಆಗಂಗಿಲ್ಲ ಮೇಡಂ,” ಎಂದರು ಅವರು. “ಮೊನ್ನಿ ಆಘಾತಕ್ಕ ಇನ್ನೂ ಇಳದಾರ. ಈಗ ಇಪ್ಪತ್ತೂ ಇಲ್ಲ. ಹತ್ತರ ಒಳಗ ಇರಬೇಕು. ಹನ್ನೊಂದು ಅಂದ್ರ ನಾ ಗುಂಡಿ ಒತ್ತಾಕ ಬಿಡೂದಿಲ್ಲ.”

ಹತ್ತರೊಳಗೆ. ಸ್ಫೂರ್ತಿ ಪ್ರೋಗ್ರಾಮಿನ ಸಾಲು ಸಾಲು ಹಿಂಡಿದಳು. ಇಲ್ಲೊಂದು ನಕಲು ಬಿಟ್ಟಳು, ಅಲ್ಲೊಂದು ಸುತ್ತು ಕಳೆದಳು. ಇಪ್ಪತ್ತೆಂಟು ಇಪ್ಪತ್ತೈದಾಯಿತು, ಇಪ್ಪತ್ತಮೂರಾಯಿತು, ಅಲ್ಲಿಗೆ ಮೊಂಡುಬಿದ್ದ ಎಮ್ಮೆಯ ಹಾಗೆ ನಿಂತುಬಿಟ್ಟಿತು. ಇತ್ತ ಮನೆಯಲ್ಲಿ ಚನ್ನವೀರ ತಬಲಾದ ಮುಂದೆ ಕೂರುವುದನ್ನೂ ಬಿಟ್ಟ. ರೊಟ್ಟಿ ಮುರಿಯಲು ಅವನು ಎರಡೂ ಕೈ ಹಚ್ಚುವುದನ್ನು ಅವಳು ನೋಡಿಯೂ ನೋಡದವಳಂತೆ ಪಲ್ಯ ಬಡಿಸುತ್ತಿದ್ದಳು.

“ಸಾಕು ಬಿಡು,” ಎಂದ ಅವನು ಒಂದು ದಿನ. “ನೀ ನಿನ್ನ ಕೈಲಾದಷ್ಟು ಮಾಡೀದಿ. ಒಮ್ಮೊಮ್ಮೆ ತಾಳ ತಪ್ಪತೈತಿ, ಎಂಥೆಂಥಾ ಉಸ್ತಾದರಿಗೂ ತಪ್ಪತೈತಿ.”

“ತಾಳ ತಪ್ಪಿದ್ರ ನೀವು ಕಛೇರಿ ಬಿಟ್ಟು ಎದ್ದು ಹೋಗ್ತಿದ್ರೇನ್ರಿ?”

“ಇಲ್ಲ.”

“ಮತ್ತ ಸುಮ್ಕ ಊಟಾ ಮಾಡ್ರಿ.”

ಭಾನುವಾರ ಮುಂಜಾನೆ ಮಾಧುರಿ ಬಂದಳು. ಮಲಗಿ ಮಲಗಿ ಚನ್ನವೀರನ ಹಾಸಿಗೆ ಮುಗ್ಗಲು ನಾತ ಹೊಡೆಯುತ್ತಿತ್ತು, ಕೌದಿಯನ್ನು ಬಿಸಿಲಿಗೆ ಹಾಕೋಣ ಎಂದು ಹೆಂಗಸರಿಬ್ಬರೂ ಅದನ್ನು ಮಾಳಿಗೆಗೆ ಒಯ್ದರು. ಆಚೆ ತುದಿಯಲ್ಲಿ ಮಾಧುರಿ, ಈಚೆ ತುದಿಯಲ್ಲಿ ಸ್ಫೂರ್ತಿ. ಎರಡು ಸಲ ಝಾಡಿಸಿದರು, ಧೂಳು ಹಾರಿತು.

“ಅಕ್ಕಾರ, ಇದರಾಗಿನ ನೀಲಿ ತುಂಡು ಛಂದ ಐತಿ ನೋಡ್ರಿ, ಈ ಎಡಗಡಿಗಿನದು,” ಎಂದಳು ಮಾಧುರಿ.

“ಎಡಗಡಿಗೆಲ್ಲಿ? ನೀಲಿ ಬಲಗಡಿಗಲ್ಲಾ ಇರೂದು?”

“ನಿಮಗ ಬಲಗಡಿಗೆ. ನಂಗ ಎಡಗಡಿಗೆ.”

ಸ್ಫೂರ್ತಿ ಕೌದಿ ಹಿಡಿದುಕೊಂಡು ಹಾಗೆಯೇ ನಿಂತಳು. ಮಾಧುರಿ ಎರಡು ಸಲ ಕರೆದಳು. ಅವಳಿಗೆ ಕೇಳಿಸಲಿಲ್ಲ.

ಎಂಟು ಬಗೆಯ ಸಾಲುಗಳು. ಎಡದ ಕೊನೆಯ ತುಂಡು ಕೆಂಪಾಗಿರುವುದು ಒಂದು ಬಗೆ, ಬಲದ ಕೊನೆಯದು ಕೆಂಪಾಗಿರುವುದು ಇನ್ನೊಂದು ಬಗೆ ಎಂದು ಅವಳು ಬೇರೆ ಬೇರೆ ಎಣಿಸುತ್ತಿದ್ದಳು. ಆದರೆ ಎದುರು ನಿಂತವರ ಕಣ್ಣಲ್ಲಿ ಎಡವೇ ಬಲ. ಒಂದರಂತೆ ಮುಗಿಯುವ ಕೌದಿಗಳು ಎಷ್ಟಿವೆಯೋ ಇನ್ನೊಂದರಂತೆ ಮುಗಿಯುವವೂ ಅಷ್ಟೇ ಇರಬೇಕು. ಎರಡನ್ನೂ ಯಾಕೆ ಎಣಿಸಬೇಕು? ಒಂದನ್ನು ಎಣಿಸಿ ಇಮ್ಮಡಿ ಮಾಡಿದರಾಯಿತು. ಹೀಗೆ ಜೋಡಿ ಕಟ್ಟಿದರೆ ಎಂಟು ಬಗೆ ಐದಕ್ಕೆ ಇಳಿಯುತ್ತದೆ. ಎಂಟೆಂಟು ಎಂಟಲಿ ಐನೂರ ಹನ್ನೆರಡು ಗುಣಾಕಾರ ಮಾಡುತ್ತಿದ್ದ ಕಡೆ ಐದೈದು ಐದಲಿ ನೂರ ಇಪ್ಪತ್ತೈದು. ಕಾಲುಭಾಗ ಕೆಲಸ!

“ಮಾಧುರಿ, ಕೌದಿ ಹಿಡ್ಕೋ,” ಎಂದು ತನ್ನ ತುದಿಯನ್ನೂ ಅವಳ ಕೈಗೆ ತುರುಕಿ ಸ್ಫೂರ್ತಿ ಮೆಟ್ಟಿಲಿಳಿದು ಓಡಿದಳು. ಕೆಳಗೆ ಚನ್ನವೀರ, “ಏನಾತು?” ಎಂದು ಕೂಗಿದ. “ಕೌದಿ ತಿರುವಿ ಹಾಕಿದೆ!” ಎಂಬ ಉತ್ತರ ಮಾತ್ರ ಅವನಿಗೆ ಸಿಕ್ಕಿತು. ಹೆಂಡತಿಗೆ ತಲೆ ಕೆಟ್ಟಿತೇ ಎಂದು ಅವನು ಮಾಧುರಿಯನ್ನು ಕೇಳಿದ. ಮಾಧುರಿ, ಕೆಟ್ಟಿದ್ದರೆ ಒಳ್ಳೆಯದಕ್ಕೇ ಕೆಟ್ಟಿದೆ ಎಂದಳು.

ದತ್ತಾನ ಡಬ್ಬಿಯ ಮೇಲೆ ಚನ್ನವೀರನ ಸಂಖ್ಯೆ. ಆರು ಸೆಕೆಂಡು, ಮತ್ತೆ ಸ್ವಲ್ಪ. ಸ್ಫೂರ್ತಿ ನಂಬಲಿಲ್ಲ. ಒಮ್ಮೆ ಸುಟ್ಟುಕೊಂಡವಳು ಅವಳು. ಸಣ್ಣ ಉದ್ದ, ದೊಡ್ಡ ಉದ್ದ, ಒಂದೇ ಸಾಲಿನ ಕೌದಿ, ಸಾಲೇ ಇಲ್ಲದ ಕೌದಿ, ಎಲ್ಲ ಓಡಿಸಿದಳು. ನಿಧಾನದ ಹಳೆಯ ಪ್ರೋಗ್ರಾಮಿನ ಉತ್ತರದ ಪಕ್ಕ ಹೊಸದರ ಉತ್ತರ ಇಟ್ಟು ನೋಡಿದಳು. ಮಾಧುರಿ ಪಕ್ಕದಲ್ಲಿ ಕೂತು ಒಂದು ಪರದೆಯ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದಳು, ಸ್ಫೂರ್ತಿ ಇನ್ನೊಂದನ್ನು. ಒಂದು ಅಂಕಿಯೂ ಆಚೀಚೆ ಆಗಲಿಲ್ಲ.

“ಇಷ್ಟ್ಯಾಕ ಓದಸ್ತೀರಿ ಅಕ್ಕಾರ? ಎಲ್ಲಾ ಸರಿ ಐತಲ್ಲ,” ಎಂದಳು ಮಾಧುರಿ, ಗಂಟಲು ಒಣಗಿ.

“ಮೊನ್ನಿನೂ ಎಲ್ಲಾ ಸರಿ ಇತ್ತು,” ಎಂದಳು ಸ್ಫೂರ್ತಿ. “ಓದು.”

ಎರಡು ವಾರ ತುಂಬಿದ ಬೆಳಿಗ್ಗೆ ಚನ್ನವೀರನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕಾಯಿತು. ತುಟಿ ನೀಲಿಗಟ್ಟಿತ್ತು. ಆದರೂ ಹಾಸಿಗೆಯ ಮೇಲೆ ಮಲಗಿಸುವಾಗ, “ಎಷ್ಟು ಮಾತ್ರೆ?” ಎಂದು ಕೇಳಿದ.

“ಒಂದು ಆವರ್ತನದೊಳಗ. ನೀವು ಎಣಸ್ತಿರ್ರಿ. ನಡುವ ಬಿಟ್ಟೀರಿ ಅಂದ್ರ ನೋಡ್ರಿ.”

ಡಾಕ್ಟರ್ ತಲೆಯಾಡಿಸಿದರು. ಸ್ಫೂರ್ತಿ ಗುಂಡಿ ಒತ್ತಿದಳು.

ಮತ್ತದೇ ಮೌನ. ಅವನ ಬೆರಳು ಹಾಸಿಗೆಯ ಅಂಚಿನ ಮೇಲೆ ಬಡಿಯತೊಡಗಿತು. ನಾಲ್ಕು. ಐದು. ಯಂತ್ರದ ಪರದೆಯ ಮೇಲೆ ಅವನ ಹೃದಯದ ಗೆರೆ ತಗ್ಗುತ್ತ ಬಂತು. ಎಂಟು. ಸ್ಫೂರ್ತಿ ಡಬ್ಬಿಯನ್ನು ನೋಡಲಿಲ್ಲ, ಬೆರಳನ್ನೇ ನೋಡುತ್ತಿದ್ದಳು. ಹತ್ತು. ಬೆರಳು ನಿಧಾನವಾಯಿತು. ಡಾಕ್ಟರ್ ಒಂದು ಹೆಜ್ಜೆ ಮುಂದೆ ಬಂದರು. ಹನ್ನೆರಡು. ಬೆರಳು ಎದ್ದು, ಇಳಿಯದೆ ನಿಂತಿತು.

“ಎಣಸ್ರಿ!” ಎಂದು ಸ್ಫೂರ್ತಿ ಗದರಿದಳು, ಮೊದಲ ಬೆಂಚಿನಲ್ಲಿ ತೂಕಡಿಸುವವರನ್ನು ಗದರುವಂತೆ.

ಬೆರಳು ಇಳಿಯಿತು. ಹದಿಮೂರು.

ಗುಂಯ್ ಎಂದಿತು. ಪರದೆ ಹಸಿರಾಗಿತ್ತು. ಡಾಕ್ಟರ್ ಸೌದಾಗರ ಬಗ್ಗಿ ಎರಡು ಗುಂಡಿ ಒತ್ತಿದರು. ಮೊದಲ ಬಿಳಿ ಮನೆಯಲ್ಲಿದ್ದ ಆ ಸದ್ದು ಮೆಲ್ಲಗೆ ಮೇಲೇರಿತು. ಏರಿ ಏರಿ, ಎರಡನೆಯ ಕಪ್ಪು ಮನೆಗೆ ಬಂದು ನಿಂತಿತು. ಚನ್ನವೀರ ಕಣ್ಣು ಮುಚ್ಚಿಕೊಂಡೇ ಇದ್ದ, ಆದರೆ ಅವನ ಬೆರಳು ಉಳಿದ ಮೂರು ಮಾತ್ರೆಗಳನ್ನೂ ಮುಗಿಸಿ, ಒಂದಕ್ಕೆ ಗಟ್ಟಿಯಾಗಿ ಬಡಿಯಿತು.

“ಸಮ,” ಎಂದ ಅವನು.

ಸ್ಫೂರ್ತಿ ಅವನ ಎದೆಯ ಮೇಲೆ ಹಣೆಯಿಟ್ಟು ಗೊಳೋ ಎಂದು ಅತ್ತಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಡಾಕ್ಟರ್ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಆದರೆ ಡಬ್ಬಿಯ ಕೆಲಸ ಮುಗಿದಿರಲಿಲ್ಲ. ಹಸಿರು ಪರದೆಯ ಮೇಲೆ ಇನ್ನೊಂದು ಸಾಲು ಕಾದಿತ್ತು: ‘ಬೀಗ ತೆರೆದವರು ಹೊಸ ಒಗಟು ಇಡಬೇಕು.’ ಅದೂ ಕಾನೂನೇ. ಒಮ್ಮೆ ಬಿಡಿಸಿದ ಒಗಟು ಹಳತಾಯಿತು, ಹಳೆಯ ಒಗಟಿನ ಬೀಗ ಯಾರು ಬೇಕಾದರೂ ತೆರೆಯಬಹುದು. ಪಂಪಿನ ತಂತಿಯಿಲ್ಲದ ದತ್ತಾನ ಡಬ್ಬಿ ಇದನ್ನು ಕೇಳಿರಲಿಲ್ಲ. ಹೊಸದು ಇಡುವುದಕ್ಕೆ ಒಂದು ವಾರದ ಗಡುವು.

ನಾಲ್ಕು ದಿನಗಳ ನಂತರ, ಮನೆಯಲ್ಲಿ, ಚನ್ನವೀರ ಸುತ್ತಿಗೆ ಹಿಡಿದು ತಬಲಾವನ್ನು ಮತ್ತೆ ಎರಡನೆಯ ಕಪ್ಪು ಮನೆಗೆ ಏರಿಸುತ್ತಿದ್ದ. ತುಟಿಗೆ ಬಣ್ಣ ಬಂದಿತ್ತು. ಸ್ಫೂರ್ತಿ ಡಬ್ಬಿಗೆ ಲ್ಯಾಪ್‌ಟಾಪಿನ ತಂತಿ ಜೋಡಿಸಿ ಪಕ್ಕದಲ್ಲೇ ಕೂತಿದ್ದಳು.

“ಸರಳಂದು ಇಟ್ಟುಬಿಡು ಮಾರಾಯ್ತಿ,” ಎಂದ ಅವನು. “ಎರಡಕ್ಕ ಎರಡು ಕೂಡಿಸಿದ್ರ ಎಷ್ಟು, ಅಂತ.”

“ಬೀದ್ಯಾಗ ಹೋಗಾವ ಬಂದು ನಿಮ್ಮ ಪಂಪ್ ತಿರುವಿ ಹೋಗ್ಲಿ ಅಂತೀರೇನು?”

“ಹಂಗಾದ್ರ ಕಠಿಣ ಇಡು. ಆದ್ರ ಇದರ ಅವಧಿ ಮತ್ತ ಮುಗೀತೈತಿ. ಆವಾಗ ನೀ ಇರ್ತೀಯೋ ಇಲ್ಲೋ ಯಾರ ಕಂಡಾರ? ಯಾರು ತೆಗೀಬೇಕು ಇದನ್ನ?”

ಸ್ಫೂರ್ತಿ ಈ ಪ್ರಶ್ನೆಯನ್ನು ನಾಲ್ಕೂ ದಿನ ತನಗೇ ಕೇಳಿಕೊಂಡಿದ್ದಳು. ಕೌದಿಯ ಲೆಕ್ಕವನ್ನು ಅವಳು ಆಗಲೇ ಕೆರೆ ದಂಡೆಯ ಗುಂಪಿನವರಿಗೆಲ್ಲ ಹಂಚಿದ್ದಳು, ಆದರೆ ಅದನ್ನು ಇಸಿದುಕೊಂಡವರಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಿರಲಿಲ್ಲ. ಅವರಲ್ಲಿ ಒಬ್ಬೊಬ್ಬರ ಡಬ್ಬಿಯ ಮೇಲೂ ಬೇರೆ ಬೇರೆ ಸಂಖ್ಯೆ. ಯಾವುದೋ ಒಂದು ಸಂಖ್ಯೆ ಇನ್ನೂ ಎರಡಂಕಿ ಉದ್ದವಿದ್ದರೆ ಮತ್ತದೇ ಕೆಂಪು ಪರದೆ, ಮತ್ತದೇ ಎರಡು ವಾರ.

“ನೀವ ತೆಗೀಬೇಕು,” ಎಂದಳು ಅವಳು, ಕೀಲಿಮಣೆಯಿಂದ ತಲೆಯೆತ್ತದೆ.

“ನಾನು? ನಂಗ ಲ್ಯಾಪ್‌ಟಾಪ್ ಬಂದ್ ಮಾಡಾಕ ಬರಂಗಿಲ್ಲ.”

“ಕಲೀರಿ. ನಾ ನಿಮಗ ತೆಗೀಲಿಕ್ಕೆ ಬರೂವಂಥದ್ದ ಇಡಾಕತ್ತೇನಿ. ಇವತ್ತು ಬರಂಗಿಲ್ಲ, ಒಂದು ವರ್ಷ ಕೂತು ಕಲಿತ್ರ ಬರ್ತೈತಿ. ಅಷ್ಟು ಕಠಿಣ, ಅಷ್ಟ ಸರಳ.”

ಅವಳು ಕೊನೆಯ ಗುಂಡಿ ಒತ್ತಿದಳು. ಡಬ್ಬಿ ಪಿಟ್ಟೆಂದು ಸದ್ದು ಮಾಡಿ ಬೀಗ ಹಾಕಿಕೊಂಡಿತು. ಚನ್ನವೀರ ಗಾಬರಿಯಾಗಿ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ.

“ನಿಜವಾಗ್ಲೂ ಇಟ್ಟಿ?”

“ಇಟ್ಟೆ. ಗುರುವಾರದಿಂದ ಕ್ಲಾಸು. ಲಗೂನ ಬರ್ರಿ.”

ಗುರುವಾರ ಲ್ಯಾಬಿನಲ್ಲಿ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತರಿಸಬೇಕಾಯಿತು. ಪಂಪು ಹೊತ್ತವರು, ಅವರ ಹೆಂಡಂದಿರು, ಗಂಡಂದಿರು, ಒಬ್ಬರ ಬೀಗರು. ಎಲ್ಲರ ಡಬ್ಬಿಗಳೂ ಒಂದೊಂದು ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದವು. ಚನ್ನವೀರನ ಕಿವಿಗೆ ಅದು ಹಿಂಸೆ. ಮೊದಲ ಬೆಂಚಿನಲ್ಲಿ ಮಾಧುರಿ ಕೂತಿದ್ದಳು. ಅವಳಿಗೆ ತೆರೆಯಬೇಕಾದ ಬೀಗ ಉಳಿದಿರಲಿಲ್ಲ. ದತ್ತಾನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟು, “ಎಲ್ಲಾರೂ ಮೊದಲ ಇದರ ಮ್ಯಾಲೆ ಓಡಿಸಿ ನೋಡ್ರಿ. ಇದಕ್ಕ ನೋವಾಗಂಗಿಲ್ಲ,” ಎಂದಳು.

ಸ್ಫೂರ್ತಿ ಹಲಗೆಯ ಮೇಲೆ ನಾಲ್ಕು ಚೌಕ ಬರೆದು, ಒಂದಕ್ಕೆ ಕೆಂಪು ಬಣ್ಣ ತುಂಬಿದಳು. ಚಿಪ್ ಎಷ್ಟು ದೊಡ್ಡ ಸಂಖ್ಯೆ ಹಿಡಿಯುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿದಳು, ಮೇಜು ಕುಟ್ಟಿ ಹೇಳಿದಳು. ಹಿಂದಿನಿಂದ ಒಂದು ಕೈ ಮೇಲೆದ್ದಿತು.

ಮದುವೆಯಾದಾಗಿನಿಂದ ಅವಳನ್ನು ಏಕವಚನದಲ್ಲೇ ಕರೆದು ಬಂದ ಚನ್ನವೀರ ಎದ್ದು ನಿಂತು, “ಮೇಡಂ, ತಿಳೀಲಿಲ್ಲ,” ಎಂದ. “ಇನ್ನೊಮ್ಮೆ ಮೊದಲಿಂದ ಹೇಳ್ರಿ.”

ಸ್ಫೂರ್ತಿ ಹಲಗೆ ಒರೆಸಿ ಮೊದಲಿನಿಂದ ಶುರುಮಾಡಿದಳು.